ಮುದ್ದಯ್ಯ ಕಲ್ಲನ್ನು ಬೆಳಕಿಗೆ ತಂದದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ಬಾಯಿ ಬಿಟ್ಟುಕೊಂಡು ಸುಮ್ಮನೆ ಕೂತರೆ ನನ್ನ ಕತೆ ಅಲ್ಲೇ ಮಲಗಿಬಿಡುತ್ತದೆ, ಆಮೇಲೆ ಅಲುಗಾಡಿಸಿದರೂ ಏಳುವುದಿಲ್ಲ. ಹೂಂ ಅಂದಿರಾ? ಸರಿ.

ಕಟ್ಟೆಹುಂಡಿ ಅಂತ ಒಂದೂರು. ಊರಾಚೆ ಒಂದು ಪುಟ್ಟ ಕೆರೆ. ಅದನ್ನು ಎಲ್ಲರೂ ಕರೆಯುವುದು ಪೆದ್ದನ ಕಟ್ಟೆ ಅಂತ. ಯಾವ ಪೆದ್ದ, ಯಾವ ಕಾಲದವನು, ಯಾರಿಗೂ ಗೊತ್ತಿಲ್ಲ. ಈಗಿನ ಪೆದ್ದ ಯಾರು ಅಂತ ಕೇಳಿ, ಊರಿಗೂರೇ ಬೆರಳು ತೋರಿಸುತ್ತದೆ: ಹೊಂಬಾಳಮ್ಮನ ಮಗ!

ಹುಡುಗನ ಹೆಸರು ಮುದ್ದಯ್ಯ. ಆ ಮನೆಯಲ್ಲಿ ಒಂದು ತಲೆ ಬಿಟ್ಟು ಒಂದು ತಲೆಗೆ ಮುದ್ದಯ್ಯ ಅಂತಲೇ ಹೆಸರಿಡುವುದು, ಅಜ್ಜನ ಹೆಸರು ಮೊಮ್ಮಗನಿಗೆ. ಹೆಸರೇನೋ ಇಟ್ಟರು, ಕರೆಯುವವರು ಬೇಕಲ್ಲ? ಊರವರ ಬಾಯಲ್ಲಿ ಅವನು ಪೆದ್ದಯ್ಯ. ಶಾಲೆಯಲ್ಲಿ ಹಾಜರಿ ಕೂಗುವ ಮೇಷ್ಟ್ರೂ ಒಂದೊಂದು ಸಲ ಬಾಯಿ ತಪ್ಪಿ ಪೆದ್ದಯ್ಯ ಅಂದುಬಿಡೋರು. ಅವನು ಅದಕ್ಕೂ ಕೈ ಎತ್ತಿ "ಎಸ್ ಸಾ!" ಅಂತಿದ್ದ.

ಪೆದ್ದ ಅಂದರೆ ಎಂಥಾ ಪೆದ್ದ! ಅವನವ್ವ "ಒಲೆ ಮೇಲೆ ಹಾಲೈತೆ, ನೋಡ್ತಿರ್ಲಾ" ಅಂದು ನೀರಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಉಕ್ಕಿ ಒಲೆ ಆರಿದೆ, ಮಗ ಕಣ್ಣು ಮಿಟುಕಿಸದೆ ಕೂತಿದ್ದಾನೆ.

"ಅಯ್ಯೋ! ನೋಡ್ತಿರು ಅಂದಿದ್ನಲ್ಲೋ!"

"ನೋಡ್ದೆ ಕಣವ್ವ. ಮೊದಲ್ನೇ ಹನಿಯಿಂದ ಕಡೇ ಹನಿ ಗಂಟ ನೋಡ್ದೆ. ಎಷ್ಟ್ ಚೆಂದ ಉಕ್ತು ಅಂತೀಯ!"

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. ಗಂಡ ತೀರಿಕೊಂಡ ಮೇಲೆ ಅವಳು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಡುಗೆಮನೆಯ ಕಿಟಕಿ ಏಳನೇ ಕ್ಲಾಸಿನ ಗೋಡೆಗೇ ಅಂಟಿಕೊಂಡಿತ್ತು. ಮಗ ಬೈಸಿಕೊಂಡದ್ದೆಲ್ಲ ಒಗ್ಗರಣೆಯ ಚಟಪಟದ ಜೊತೆ ಅವಳ ಕಿವಿಗೆ ಬೀಳೋದು. ಅವಳಿಗಿದ್ದ ಆಸೆ ಒಂದೇ. ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ಯಾರಾದರೂ ತನ್ನ ಮಗನನ್ನು ಮುದ್ದಯ್ಯ ಅಂತ ಹೆಸರು ಹಿಡಿದು ಕರೆಯಬೇಕು.

ಹೀಗಿರುವಾಗ ಶಾಲೆಗೆ ಒಂದು ಪ್ರಾಜೆಕ್ಟು ಬಂತು. ಹೆಸರು 'ನಮ್ಮೂರ ಪರಂಪರೆ'. ಪ್ರತಿ ಮಗುವೂ ಊರಿನ ಹಳೇ ವಿಚಾರ ಏನಾದರೂ ಹುಡುಕಿ ತರಬೇಕು. ಶನಿವಾರ ಮೈಸೂರಿನಿಂದ ಹಳಗನ್ನಡದ ಶಾಸನ ಓದುವ ರಾಜಮ್ಮಣ್ಣಿ ಮೇಡಂ ಬರುತ್ತಾರೆ. ತಂದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ತರದವರ ಹೆಸರು ಕೂಗೋದಿಲ್ಲ. ಕಿಟಕಿಯಾಚೆ ಹೊಂಬಾಳಮ್ಮನ ಸೌಟು ನಿಂತುಹೋಯಿತು. ಮೈಕಿನಲ್ಲಿ!

ಈಗ ಮೇಷ್ಟ್ರ ವಿಚಾರ ಹೇಳಬೇಕು. ವೃಷಭೇಂದ್ರ ಮೇಷ್ಟ್ರು ಬಂಗಾರದಂಥ ಮನುಷ್ಯ, ಆದರೆ ನೆಟ್ಟಗೆ ಮಾತಾಡಿ ಗೊತ್ತಿಲ್ಲ. ನೀರು ಕೊಡಿ ಅನ್ನೋದಕ್ಕೂ "ಗಂಗೆ ಇಳಿದು ಬರಲಿ" ಅನ್ನುವ ಪೈಕಿ. ಅವರ ಮಾತಿಗೆ ಹತ್ತು ಬಣ್ಣ, ಮುದ್ದಯ್ಯನ ಕಿವಿಗೆ ಒಂದೇ ಬಣ್ಣ. ಏನಾಗಬೇಕೋ ಅದೇ ಆಯಿತು.

ಮೇಷ್ಟ್ರು ಹೇಳಿದರು, "ಮಕ್ಕಳೇ, ಊರಿನ ಚರಿತ್ರೆ ಪುಸ್ತಕದಲ್ಲಿಲ್ಲ, ಹಿರಿಯರ ಬಾಯಲ್ಲಿದೆ! ಅವರ ಬಾಯಲ್ಲಿರುವುದನ್ನು ಜೋಪಾನವಾಗಿ ಎತ್ತಿಕೊಂಡು ಬನ್ನಿ."

ಊರಿಗೆಲ್ಲ ಹಿರಿಯ ಅಂದರೆ ದುಂಡಯ್ಯ ತಾತ, ತೊಂಬತ್ತು ದಾಟಿದವನು. ಮುದ್ದಯ್ಯ ಅವನ ಜಗಲಿಯಲ್ಲಿ ಕಾದ. ಮಧ್ಯಾಹ್ನ ಮುದ್ದೆ ಉಂಡು, ಬಾಯಲ್ಲಿದ್ದ ಹಲ್ಲಿನ ಸೆಟ್ಟು ತೆಗೆದು, ನೀರಿನ ಲೋಟಕ್ಕೆ ಹಾಕಿ, ತಾತ ಅಡ್ಡಾದ. ಮುದ್ದಯ್ಯ ಲೋಟದ ಸಮೇತ ಎತ್ತಿಕೊಂಡು ಬಂದ. ಜೋಪಾನವಾಗಿ ಬಂದ, ಒಂದು ತೊಟ್ಟು ನೀರೂ ಚೆಲ್ಲಲಿಲ್ಲ.

"ಸಾ, ತಾತನ ಬಾಯಲ್ಲಿದ್ದದ್ದು!"

ಕ್ಲಾಸಿಗೆ ಕ್ಲಾಸೇ ಕಿರುಚಿತು. ಅಷ್ಟರಲ್ಲಿ ದುಂಡಯ್ಯನೇ ಕೋಲೂರಿಕೊಂಡು ಬಂದ. ಮುದ್ದೆ ನುಂಗೋದಕ್ಕೆ ಹಲ್ಲು ಬೇಡ, ನಿಜ. ಬೈಯೋದಕ್ಕೆ ಬೇಕಲ್ಲ! ತಾತ ಕಾಲು ಗಂಟೆ ಬೈದ, ಬರೀ ಗಾಳಿ ಬಂತು. ಲೋಟದಿಂದ ಹಲ್ಲು ಎತ್ತಿ ಹಾಕಿಕೊಂಡು ಮತ್ತೆ ಮೊದಲಿಂದ ಬೈದ.

"ಹಲ್ಲು ತರೋದಲ್ಲವೋ ಪೆದ್ದಯ್ಯ!" ಅಂದರು ಮೇಷ್ಟ್ರು. "ಅವರು ಹೇಳಿದ್ದನ್ನ ಬರ್ಕೊಂಡು ಬರಬೇಕು! ಹೇಳಿದ್ದನ್ನ ಹೇಳಿದ ಹಾಗೆ, ಒಂದಕ್ಷರ ಬಿಡದೆ!"

"ಕೇಳಿಸ್ಕೊಂಡ್ಯಾ?" ಅಂತ ಕಿಟಕಿಯಿಂದ ಅವ್ವನೂ ಕೂಗಿದಳು. "ಒಂದಕ್ಷರ ಬಿಡಬ್ಯಾಡ ಕಣೋ!"

ಮಾರನೇ ದಿನ ಮುದ್ದಯ್ಯ ನೋಟ್‌ಬುಕ್ಕು ಹಿಡಿದು ತಾತನ ಮುಂದೆ ಕೂತ. ಬರೆದ, ಬರೆದ, ನಾಲ್ಕು ಪುಟ ಬರೆದ. ಕ್ಲಾಸಿನ ಮುಂದೆ ನಿಂತು ಗಂಟಲು ಬಿಚ್ಚಿ ಓದಿದ.

"ಬಂದೇನ್ಲಾ ಹಲ್ಲುಕಳ್ಳ. ದೂರ ಕೂತ್ಕೊ. ಕ್ಹೂ ಕ್ಹೂ ಕ್ಹೂ. ಆ ಕೋಳಿ ಓಡಿಸ್ಲಾ. ಉಶ್ ಉಶ್. ಕಟ್ಟೆ ಕತೆಯಾ? ಅದ್ನ ಒಬ್ಬ ಹೆಣ್ಮಗಳು ಕಟ್ಟಿಸಿದ್ಲು ಅಂತ ನಮ್ಮಜ್ಜಿ ಅನ್ನೋಳು. ಯಾರು ಏನು ನಂಗೊತ್ತಿಲ್ಲ. ಕ್ಹೂ ಕ್ಹೂ. ಇದೇನ್ಲಾ ಕೆಮ್ಮನ್ನೂ ಬರೀತಿದ್ದೀಯಾ? ಥೂ. ನಿಮ್ ಮೇಷ್ಟ್ರಿಗೆ ಮಾಡಕ್ ಗೇಮೆ ಇಲ್ವಾ?"

ಮಕ್ಕಳು ಬೆಂಚಿನಿಂದ ಕೆಳಗೆ ಬಿದ್ದು ಬಿದ್ದು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ನಡುವೆ ಒಂದು ಮಾತು ಬಂದು ಹೋಯಿತಲ್ಲ, ಹೆಣ್ಮಗಳು ಕಟ್ಟಿಸಿದ್ಲು ಅಂತ? ಅದು ಯಾರ ಕಿವಿಗೂ ಬೀಳಲಿಲ್ಲ. ನಿಮ್ಮ ಕಿವಿಗೆ ಬಿತ್ತೋ ಇಲ್ಲವೋ, ನನಗೇನು ಗೊತ್ತು.

"ಕೆಮ್ಮು ಯಾರಿಗೆ ಬೇಕೋ!" ಅಂದರು ಮೇಷ್ಟ್ರು. "ಮನುಷ್ಯರು ಮರೀತಾರೆ, ಕಲ್ಲು ಮರೆಯಲ್ಲ! ಈ ಊರಿನ ಕಲ್ಲುಕಲ್ಲೂ ಮಾತಾಡುತ್ತೆ. ಕಿವಿಗೊಟ್ಟು ಕೇಳಬೇಕು!"

ಕಿವಿಗೊಟ್ಟ. ಕೊಡದೆ ಇರುತ್ತಾನೆಯೇ?

ಮೊದಲು ಶಾಲೆಯ ಮೆಟ್ಟಿಲಿಗೆ ಕಿವಿಯಿಟ್ಟ. ಆಮೇಲೆ ಒರಳುಕಲ್ಲಿಗೆ ಇಟ್ಟ. ಆಮೇಲೆ ಜಗಲಿಗೆ, ಬೀಸುವಕಲ್ಲಿಗೆ, ರಸ್ತೆ ಪಕ್ಕದ ಮೈಲಿಗಲ್ಲಿಗೆ. ಒಂದು ಕಿವಿ ಕಾದರೆ ಇನ್ನೊಂದು ಕಿವಿ. ಹೆಂಗಸರು ಬಿಂದಿಗೆ ಇಳಿಸಿ ನಿಂತರು.

"ಏನ್ಲಾ ಅಂತದೆ ಕಲ್ಲು?"

"ಸುಮ್ಕಿರಿ, ಇನ್ನೂ ಸುರು ಮಾಡಿಲ್ಲ."

ನಕ್ಕರು. ನಕ್ಕವರಲ್ಲಿ ಒಬ್ಬಳು, ಏನಿರಬಹುದು ನೋಡೋಣ ಅಂತ ತಾನೂ ಬಾಗಿ ಕಿವಿಯಿಟ್ಟಳು. ಅವಳ ಮುಖ ನೋಡಿ ಇನ್ನೊಬ್ಬಳು. ಕಡೆಗೆ ದುಂಡಯ್ಯನೂ ಕೋಲು ಬದಿಗಿಟ್ಟು ತನ್ನ ಜಗಲಿಕಲ್ಲಿಗೆ ಕೆನ್ನೆ ಕೊಟ್ಟು ಮಲಗಿಬಿಟ್ಟ. ಒಂದು ಗಳಿಗೆ ಇಡೀ ಬೀದಿಯಲ್ಲಿ ಒಂದು ಮಾತಿಲ್ಲ, ಒಂದು ಪಾತ್ರೆಯ ಸದ್ದಿಲ್ಲ. ಆ ಊರು ಅಷ್ಟು ಸುಮ್ಮನಾದದ್ದನ್ನು ನಾನು ಇನ್ನೊಂದು ಸಲ ನೋಡಿಲ್ಲ.

ಗುರುವಾರ ಮುದ್ದಯ್ಯ ಮೇಷ್ಟ್ರಿಗೆ ವರದಿ ಒಪ್ಪಿಸಿದ. ಎರಡೂ ಕಿವಿ ಮಣ್ಣು.

"ಸಾ, ಮೈಲಿಗಲ್ಲು ಲಾರಿ ಬಂದ್ರೆ ಗುಂಯ್ ಅಂತದೆ. ಒರಳುಕಲ್ಲು ಏನೂ ಅನ್ನಲ್ಲ. ನಮ್ಮನೆ ಬಚ್ಚಲ ಕಲ್ಲು ಮಾತ್ರ ನೀರು ಹುಯ್ದ್ರೆ ಹೊಟ್ಟೆ ಒಳಗೇ ಗೊಳಗೊಳ ಅಂತ ಏನೋ ಹೇಳ್ತದೆ. ಏನಂತ ತಿಳೀನಿಲ್ಲ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. "ಬಚ್ಚಲ ಕಲ್ಲು! ಅಯ್ಯಾ ಮಹಾರಾಯ, ಉಳಿದವರನ್ನ ನೋಡು. ಒಬ್ಬಳು ಸೋಬಾನೆ ಪದ ಬರೆದಿದ್ದಾಳೆ, ಒಬ್ಬ ಕಂಸಾಳೆ ಚಿತ್ರ ತಂದಿದ್ದಾನೆ. ನಿನಗಿರೋದು ಒಂದೇ ದಿನ. ಕತ್ತಲಲ್ಲಿ ಬಿದ್ದಿರೋ ಇತಿಹಾಸವನ್ನ ಬೆಳಕಿಗೆ ತರಬೇಕಪ್ಪಾ, ಬೆಳಕಿಗೆ! ಇಲ್ಲದಿದ್ದರೆ ಶನಿವಾರ ನಿನ್ನ ಹೆಸರು ನಾನು ಹೇಗೆ ಕೂಗಲಿ?"

ಆ ಸಾಯಂಕಾಲ ಹೊಂಬಾಳಮ್ಮ ಮಗನನ್ನು ಮುಂದೆ ಕೂರಿಸಿಕೊಂಡಳು. ಬೈಯಲಿಲ್ಲ. ಅವಳು ಬೈಯದೆ ಇದ್ದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಅಂತಲೇ ಅರ್ಥ.

"ಮಗಾ, ನಿಂಗೊಂದ್ ಹೆಸರೈತೆ ಕಣೋ. ಅದ್ನ ನಾನೊಬ್ಳೇ ಕೂಗಿ ಕೂಗಿ ಸಾಕಾಗೋಯ್ತು. ಮೇಷ್ಟ್ರು ಹೇಳ್ದಂಗೆ ಮಾಡ್ಲಾ. ಬೆಳಕಿಗ್ ತಾ ಅಂದ್ರೆ ತಾ. ನಾಳೀಕೆ ಬಿಟ್ರೆ ದಿನ ಇಲ್ಲ."

"ತತ್ತೀನಿ ಕಣವ್ವ" ಅಂದ ಮುದ್ದಯ್ಯ.

ಶುಕ್ರವಾರ ಅವ್ವ ಅಡುಗೆಗೆ ಹೋದ ಮೇಲೆ ಅವನು ಮನೆಯೆಲ್ಲ ಹುಡುಕಿದ. ಕತ್ತಲು ಎಲ್ಲಿದೆ? ಬಚ್ಚಲಲ್ಲಿದೆ. ಕತ್ತಲಲ್ಲಿ ಏನು ಬಿದ್ದಿದೆ? ಕಲ್ಲು ಬಿದ್ದಿದೆ. ಅವ್ವ ಬಟ್ಟೆ ಒಗೆಯುವ ಚಪ್ಪಡಿ, ಅವನ ಅಜ್ಜಿಯೂ ಅದರ ಮೇಲೇ ಒಗೆದದ್ದು, ಅಜ್ಜಿಯ ಅತ್ತೆಯೂ ಅದರ ಮೇಲೇ ಒಗೆದದ್ದು. ಇದಕ್ಕಿಂತ ಹಳೇದು ಮನೆಯಲ್ಲಿ ಏನಿದೆ! ಹಾರೆ ತಂದ. ಮೀಟಿದ. ಕಲ್ಲಿನ ಒಂದು ಅಂಚು ಗೋಡೆಯಡಿ ಸಿಕ್ಕಿಕೊಂಡಿತ್ತು. ಇನ್ನೂ ಮೀಟಿದ. ಧಡಾರ್ ಅಂತ ಮಣ್ಣುಗೋಡೆ ಆಚೆಗೆ ಮಲಗಿತು. ಒಳ್ಳೇದೇ ಆಯಿತು, ದಾರಿ ಆಯಿತಲ್ಲ! ಎರಡು ಒನಕೆ ಅಡಿಗಿಟ್ಟು, ಉರುಳಿಸಿ ಉರುಳಿಸಿ, ಕಲ್ಲನ್ನು ಹಿತ್ತಲಿನ ಬಿಸಿಲಿಗೆ ತಂದು ಮಗುಚಿ ಹಾಕಿದ. ಆಮೇಲೆ ಅದರ ಪಕ್ಕದಲ್ಲಿ ಕಾವಲು ಕೂತ.

ಸಂಜೆ ಹೊಂಬಾಳಮ್ಮ ಬಂದಳು. ಬಚ್ಚಲಿಲ್ಲ! ಹಂಡೆಯ ಮೇಲೆ ಆಕಾಶ ಕಾಣುತ್ತಿದೆ!

"ಏನ್ಲಾ ಇದು? ಏನ್ ಮಾಡ್ದೆಲಾ?"

"ಬೆಳಕಿಗ್ ತಂದೆ ಕಣವ್ವ!"

ಅವಳು ಪೊರಕೆ ತಗೊಂಡಳು. ಎರಡು ಬಿಗಿದಳು. ಮೂರನೆಯದಕ್ಕೆ ಕೈ ಏಳಲಿಲ್ಲ, ಪೊರಕೆ ಎಸೆದು ಕಲ್ಲಿನ ಮುಂದೆ ಕುಸಿದು ಅತ್ತಳು. ಗೋಡೆ ಹೋಯಿತು ಅಂತಲ್ಲ. ಗೋಡೆ ಇನ್ನೊಂದು ಕಟ್ಟಬಹುದು. ನಾಳೆ ಶನಿವಾರ, ಮಗನ ಕೈಯಲ್ಲಿರೋದು ಬರೀ ಒಂದು ಬಚ್ಚಲ ಕಲ್ಲು. ಇನ್ನು ಹೆಸರು ಕೂಗುವವರು ಯಾರು?

ಅಳುವ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಎದುರಿಗೆ ಕೊಳಕು ಕಲ್ಲಿದೆ, ಪಕ್ಕದಲ್ಲಿ ತೆಂಗಿನ ನಾರಿದೆ. ಒಂದು ಚೆಂಬು ನೀರು ಹುಯ್ದು, ಅಳುತ್ತಲೇ ತಿಕ್ಕಿದಳು. ತಿಕ್ಕಿದಳು, ತಿಕ್ಕಿದಳು, ತಲೆಮಾರುಗಳ ಕೆಸರು ತಿಕ್ಕಿದಳು. ಹೊತ್ತು ಇಳಿಯುತ್ತಿತ್ತು, ಬಿಸಿಲು ಓರೆಯಾಗಿ ಬಿತ್ತು. ಅವಳ ಕೈ ನಿಂತುಹೋಯಿತು.

ಕಲ್ಲಿನ ಮೈಮೇಲೆ ಸಾಲುಗಳೆದ್ದಿದ್ದವು. ಮೊದಲು ಒಂದು ಸಾಲು, ಆಮೇಲೆ ಅದರ ಕೆಳಗೊಂದು, ಅದರ ಕೆಳಗೊಂದು. ದುಂಡು ದುಂಡಾದ ಅಕ್ಷರ. ಮೇಲೆ ಒಂದು ಕಡೆ ಸೂರ್ಯ, ಒಂದು ಕಡೆ ಚಂದ್ರ, ನಡುವೆ ಕರುವಿಗೆ ಹಾಲೂಡುವ ಹಸು. ಹೊಂಬಾಳಮ್ಮನಿಗೆ ಓದು ಬರದು. ಆದರೂ ಅವಳು ಮೆಲ್ಲಗೆ ಸೆರಗು ಹೊದ್ದು, ಕಾಲು ಹಿಂದಕ್ಕೆಳೆದುಕೊಂಡಳು.

"ಮಗಾ, ಇದ್ರ ಬೆನ್ ಮ್ಯಾಲೆ ನಾನು ಹದ್ನೆಂಟ್ ವರ್ಸ ಬಟ್ಟೆ ಕುಕ್ಕಿವ್ನಲ್ಲೋ" ಅಂದಳು.

ಶನಿವಾರ ಮೇಡಂ ಬಂದರು. ಶಾಲೆಯ ಅಂಗಳದಲ್ಲಿ ಒಂದೊಂದೇ ಹೆಸರು ಕೂಗಿದರು, ಸೋಬಾನೆ ಆಯಿತು, ಕಂಸಾಳೆ ಆಯಿತು, ಮರದ ಸೇರು ಆಯಿತು. ಮುದ್ದಯ್ಯನ ಹೆಸರು ಬರಲಿಲ್ಲ. ಅವನೇ ಎದ್ದು ನಿಂತ.

"ಸಾ, ನಂದು ಎತ್ಕೊಂಡ್ ಬರಕ್ ಆಗ್ನಿಲ್ಲ. ಬೆಳಕಲ್ಲಿ ಮಡಗಿವ್ನಿ. ಮನೀಗ್ ಬನ್ನಿ."

ಮೇಷ್ಟ್ರು "ಕೂತ್ಕೊಳೋ ಪೆದ್ದಯ್ಯ" ಅಂದರು. ಆದರೆ ಆ ಮೇಡಂ ಇದ್ದರಲ್ಲ, ಊರೂರು ಸುತ್ತಿದ ಹೆಂಗಸು, "ಏನದು?" ಅಂದರು. "ಬಚ್ಚಲ ಕಲ್ಲು" ಅಂದ. ಅವರು ನಗಲಿಲ್ಲ. ಬೇಗ ಬೇಗ ಹೊರಟರು, ಅವರ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಊರು.

ಹಿತ್ತಲಿಗೆ ಬಂದ ಮೇಡಂ ಕಲ್ಲು ನೋಡಿದ್ದೇ ಚಪ್ಪಲಿ ಬಿಟ್ಟರು. ಒಳ್ಳೆಯ ಸೀರೆ ಉಟ್ಟಿದ್ದರು, ಕೆಸರಲ್ಲೇ ಕೂತರು. ಬೆರಳ ತುದಿಯಲ್ಲಿ ಒಂದೊಂದೇ ಅಕ್ಷರ ಸವರುತ್ತಾ ಹೋದರು, ಕುರುಡರು ಮೊಮ್ಮಕ್ಕಳ ಮುಖ ಸವರುತ್ತಾರಲ್ಲ, ಹಾಗೆ.

"ಎಂಟುನೂರು ವರ್ಷದ್ದು" ಅಂದರು. ಆಮೇಲೆ ಗಟ್ಟಿಯಾಗಿ ಓದಿದರು.

"ಸ್ವಸ್ತಿ ಶ್ರೀ. ಬಾಚವ್ವೆ ತನ್ನ ಮಗಂ ಮುದ್ದನ ಪೆಸರ್ ನಿಲ್ಕೆಂದು ಕಟ್ಟಿಸಿದ ಕಟ್ಟೆ."

ಹಳಗನ್ನಡ ನಮಗೇನು ತಿಳೀಬೇಕು. ಅವರೇ ಬಿಡಿಸಿ ಹೇಳಿದರು, "ಬಾಚವ್ವೆ ಅಂತ ಒಬ್ಬ ತಾಯಿ. ತನ್ನ ಮಗನ ಹೆಸರು ಉಳೀಲಿ ಅಂತ ನಿಮ್ಮೂರ ಕಟ್ಟೆ ಕಟ್ಟಿಸಿದ್ದಾಳೆ. ನೀವು ಅನ್ನೋ ಹಾಗೆ ಪೆದ್ದನ ಕಟ್ಟೆ ಅಲ್ಲ ಅದು. ಮುದ್ದ. ಮಗನ ಹೆಸರು ಮುದ್ದ!"

"ಎಸ್ ಮೇಡಂ!"

ಕೈ ಎತ್ತಿ ನಿಂತಿದ್ದ ಮುದ್ದಯ್ಯ. ಹೆಸರು ಕೂಗಿದರಲ್ಲ, ಹಾಜರಿ ಕೊಡಬೇಡವೇ?

ಎಂಟುನೂರು ವರ್ಷದ ಹಿಂದೆ ಒಬ್ಬ ತಾಯಿ ಕೂಗಿ ಇಟ್ಟಿದ್ದ ಹೆಸರಿಗೆ ಈಗೊಬ್ಬ ಹುಡುಗ ಬಂದೆ ಅಂದ. ಅಲ್ಲಿದ್ದವರು ಒಬ್ಬರೂ ನಗಲಿಲ್ಲ. ಹೊಂಬಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಿದ್ದ ಗೋಡೆಯ ಮೇಲೆ ಹಾಗೇ ಕೂತುಬಿಟ್ಟಳು. ಅವಳು ಮೈಕು ಸಾಕು ಅಂದುಕೊಂಡಿದ್ದಳು. ಕಲ್ಲೇ ಕರೆಯಿತು.

ದುಂಡಯ್ಯ ಗೊಣಗಿದ, "ನಾನ್ ಹೇಳಿರ್ನಿಲ್ವಾ, ಹೆಣ್ಮಗಳು ಕಟ್ಟಿಸಿದ್ಲು ಅಂತ? ಈ ಹೈದ ಬರ್ಕೊಂಡವ್ನೆ ನೋಡಿ. ಮುದ್ದನ್ನ ಪೆದ್ದ ಮಾಡಿದ್ದು ಹಲ್ಲಿರೋರು ಯಾರೋ, ಹಲ್ ಕಿರಿಯಕ್ಕೆ."

ಮೇಷ್ಟ್ರು ನೋಟ್‌ಬುಕ್ಕು ತೆಗೆಸಿ ನೋಡಿದರು. ಕೆಮ್ಮು ಇತ್ತು, ಕೋಳಿ ಇತ್ತು, ನಡುವೆ ಆ ಮಾತೂ ಇತ್ತು. ಮೇಷ್ಟ್ರು ನೋಟ್‌ಬುಕ್ಕು ಮುಚ್ಚಿದರು. ಆಮೇಲೆ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಮುದ್ದಯ್ಯಾ" ಅಂದರು. ಎಲ್ಲರಿಗೂ ಕೇಳಿಸುವ ಹಾಗೆ, ಮೈಕಿಲ್ಲದೆ.

ಕಲ್ಲನ್ನು ಮೆರವಣಿಗೆಯಲ್ಲಿ ಒಯ್ದು ಕಟ್ಟೆಯ ಏರಿಯ ಮೇಲೆ ನಿಲ್ಲಿಸಿದರು. ಈಗ ಊರ ಮಕ್ಕಳು ಅಲ್ಲಿಗೆ ಹೋಗಿ ಅಕ್ಷರ ಸವರಿ ಸವರಿ ಓದೋದು ಕಲಿಯುತ್ತಾರೆ. ಊರವರು ಸೇರಿ ಹೊಂಬಾಳಮ್ಮನಿಗೆ ಹೊಸ ಗೋಡೆ ಕಟ್ಟಿಕೊಟ್ಟರು, ಬಟ್ಟೆ ಒಗೆಯೋದಕ್ಕೆ ಹೊಸ ಚಪ್ಪಡಿ ತಂದು ಹಿತ್ತಲಲ್ಲಿ ಹಾಕಿದರು. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರ ನಾಲಿಗೆ ಸುಮ್ಮನಿರಬೇಕಲ್ಲ! ಸಂತೋಷದ ಭರದಲ್ಲಿ ಇನ್ನೊಂದು ಬುದ್ಧಿಮಾತು ಹೇಳಿಬಿಟ್ಟರು.

"ನೋಡು ಮುದ್ದಯ್ಯ, ಇನ್ಮೇಲೆ ನಿಮ್ಮವ್ವ ಆಡಿದ ಮಾತನ್ನ ಕಲ್ಲಲ್ಲಿ ಕೆತ್ತಿ ಇಟ್ಕೋಬೇಕು. ತಿಳೀತಾ?"

"ತಿಳೀತು ಸಾ. ಒಂದಕ್ಷರ ಬಿಡಲ್ಲ."

ಮನೆಗೆ ಬಂದವನೇ ಚಾಣ ಸುತ್ತಿಗೆ ಹಿಡಿದು ಹೊಸ ಚಪ್ಪಡಿಯ ಮುಂದೆ ಕೂತ. ಅವ್ವ ಯಾವಾಗ ಮಾತಾಡುತ್ತಾಳೋ ಅಂತ ಕಾದ. ಒಳಗೆ ಹೊಂಬಾಳಮ್ಮ ಮುದ್ದೆ ಕಟ್ಟಿ, ಸೌಟನ್ನು ಪಾತ್ರೆಗೆ ಕುಟ್ಟಿ ಕೂಗಿದಳು. ಅಷ್ಟೇ, ಶುರುವಾಯಿತು ಟಕ್ ಟಕ್ ಟಕ್. ಊಟಕ್ಕೆ ಬಂದ, ಉಂಡ, ಮತ್ತೆ ಟಕ್ ಟಕ್. ಮಾರನೇ ದಿನವೂ ಟಕ್ ಟಕ್. ಮೂರನೇ ದಿನ ಒಗೆಯೋದಕ್ಕೆ ಬಟ್ಟೆ ತಂದ ಹೊಂಬಾಳಮ್ಮ ಹಾಗೇ ನಿಂತಳು.

"ಅಯ್ಯೋ, ಹೊಸಾ ಕಲ್ಲು! ಏನ್ಲಾ ಗೀಚಿದ್ದೀಯ ಅದ್ರ ಮ್ಯಾಲೆ?"

"ನೀನ್ ಆಡಿದ್ ಮಾತು ಕಣವ್ವ."

"ನಾನ್ಯಾವ್ ಮಾತಾಡ್ದೆ? ಓದ್ಲಾ!"

ಮುದ್ದಯ್ಯ ಬೆರಳಿಟ್ಟು ಸವರುತ್ತಾ, ಮೇಡಂ ಓದಿದ ಧಾಟಿಯಲ್ಲೇ ಓದಿದ.

"ಸ್ವಸ್ತಿ ಶ್ರೀ. ಢಣ್. ಲೇ ಮುದ್ದಯ್ಯ, ಮುದ್ದೆ ಆರೋಯ್ತದೆ, ಬಂದು ಉಣ್ಣಲಾ, ಪೆದ್ ನನ್ಮಗನೆ."

ಪೆದ್ದ ನನ್ನ ಮಗನೇ! ಬೇರೆಯವರ ಬಾಯಲ್ಲಿ ಅದು ಬೈಗುಳ. ಅವಳ ಬಾಯಲ್ಲಿ ಅದಕ್ಕಿಂತ ನಿಜವಾದ ಮಾತು ಇನ್ನೊಂದಿಲ್ಲ. ಹೊಂಬಾಳಮ್ಮ ಬೈಯೋದಕ್ಕೆ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಬಟ್ಟೆಯ ಗಂಟು ಕೆಳಗಿಟ್ಟು, ಕಲ್ಲಿನ ಪಕ್ಕ ಕೂತು, ಸೂರ್ಯ ಚಂದ್ರ ಇರುವ ತನಕ ಅಲ್ಲೇ ನಿಲ್ಲುವ ತನ್ನ ಮಾತನ್ನು ಕೈಯಿಂದ ಸವರಿದಳು.

"ಇನ್ನೊಂದ್ ಸಲ ಓದ್ಲಾ ಮಗಾ" ಅಂದಳು.

"ಇರವ್ವ" ಅಂದ ಮುದ್ದಯ್ಯ. ಚಾಣ ತಗೊಂಡ, ಸುತ್ತಿಗೆ ತಗೊಂಡ, ಕೊನೇ ಸಾಲಿನ ಕೆಳಗೆ ಕೆತ್ತೋದಕ್ಕೆ ಶುರುಮಾಡಿದ: ಇನ್ನೊಂದ್ ಸಲ ಓದ್ಲಾ ಮಗಾ.